ವೈನ್ ಬಾಟಲಿ ಮನೆಗೆ ಬರುವ ದಾರಿಗಳು: ಹುಬ್ಬಳ್ಳಿ-ಧಾರವಾಡದವರಿಗೆ ಒಂದು ಹೋಲಿಕೆ

ಧಾರವಾಡದ ಪೇಢಾ ಕೊರಿಯರ್‌ನಲ್ಲಿ ದಿಲ್ಲಿ ಮುಟ್ಟುತ್ತದೆ. ಬ್ಯಾಡಗಿ ಮೆಣಸಿನಕಾಯಿ ಫೋನಿನಲ್ಲಿ ಹೇಳಿದರೆ ಪಾರ್ಸೆಲ್ ಆಗಿ ಬರುತ್ತದೆ. ಹಾಗಿದ್ದ ಮೇಲೆ ದೊಡ್ಡಬಳ್ಳಾಪುರದಲ್ಲೋ ನಾಸಿಕ್‌ನಲ್ಲೋ ತಯಾರಾದ ಒಂದು ಬಾಟಲಿ ವೈನ್ ಯಾಕೆ ಹೀಗೆ ಬರಬಾರದು? ವೈನರಿ ನೋಡಿಕೊಂಡು ಬಂದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಕುಡಿದದ್ದು ಇಷ್ಟವಾಗಿರುತ್ತದೆ, ಇಲ್ಲಿ ಸಿಗುವುದಿಲ್ಲ, ವೈನರಿಯ ವೆಬ್‌ಸೈಟ್‌ನಲ್ಲಿ ಖರೀದಿಯ ಬಟನ್ನೇ ಕಾಣುವುದಿಲ್ಲ.

ಕಾರಣ ಸಂವಿಧಾನದಲ್ಲೇ ಇದೆ. ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 8ನೇ ನಮೂದು ಮದ್ಯದ ತಯಾರಿಕೆ, ಇಟ್ಟುಕೊಳ್ಳುವುದು, ಸಾಗಣೆ, ಖರೀದಿ, ಮಾರಾಟ ಎಲ್ಲವನ್ನೂ ರಾಜ್ಯಗಳ ಕೈಗೆ ಕೊಟ್ಟಿದೆ. ಕುಡಿಯುವ ಮದ್ಯ ಜಿಎಸ್‌ಟಿಯಿಂದಲೂ ಹೊರಗೆ. ಹಾಗಾಗಿ ಪ್ರತಿ ರಾಜ್ಯಕ್ಕೂ ತನ್ನದೇ ಸುಂಕ, ತನ್ನದೇ ಲೇಬಲ್, ತನ್ನದೇ ನಿಯಮ. ನಿಪ್ಪಾಣಿ ದಾಟಿದರೆ ಬಾಟಲಿಯ ಮಟ್ಟಿಗೆ ಬೇರೆ ದೇಶವೇ ಶುರುವಾಯಿತು ಅಂದುಕೊಳ್ಳಿ.

ನಮ್ಮ ರಾಜ್ಯದಲ್ಲಿ ಇದನ್ನು ನಡೆಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಸಗಟು ವ್ಯಾಪಾರ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಜನ ಅದನ್ನು ಕೆಎಸ್‌ಬಿಸಿಎಲ್ ಅಂತಲೇ ಕರೆಯುತ್ತಾರೆ. ತಯಾರಕರಿಂದ ನಿಗಮದ ಡಿಪೊ, ಡಿಪೊದಿಂದ ಲೈಸೆನ್ಸ್ ಇರುವ ಅಂಗಡಿ, ಅಂಗಡಿಯಿಂದ ಗ್ರಾಹಕ. ಈ ಸಾಲಿನಲ್ಲಿ ಕೊರಿಯರ್ ಹುಡುಗನಿಗೆ ಜಾಗವೇ ಇಲ್ಲ. ವೈನ್ ಕುಡಿಯುವುದು ತಪ್ಪಲ್ಲ, ಕೊಳ್ಳುವುದೂ ತಪ್ಪಲ್ಲ. ಅದನ್ನು ಯಾರು ಸಾಗಿಸುತ್ತಾರೆ ಅನ್ನುವುದರ ಮೇಲೆ ಕಾನೂನಿನ ಕಣ್ಣು. ಮುಂದಿನ ದಾರಿಗಳನ್ನು ತೂಗುವಾಗ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಬಾಟಲಿ ಯಾವ ರಾಜ್ಯಕ್ಕೆ ಸುಂಕ ಕಟ್ಟಿದೆ? ಕೊನೆಯ ಹೆಜ್ಜೆಯಲ್ಲಿ ಅದನ್ನು ಕೈಗೆ ಕೊಡುವವರಿಗೆ ಲೈಸೆನ್ಸ್ ಇದೆಯೇ?

ಆ್ಯಪ್, ಕೊರಿಯರ್, ‘ಹೋಂ ಡೆಲಿವರಿ’ ನಂಬರು

ಇದನ್ನು ಮೊದಲೇ ತೆಗೆದುಹಾಕಿಬಿಡೋಣ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಸುಪ್ರೀಂ ಕೋರ್ಟ್, ಮನೆಗೆ ತಲುಪಿಸುವ ಬಗ್ಗೆ ರಾಜ್ಯಗಳು ಯೋಚಿಸಲಿ ಅಂತ ಹೇಳಿತ್ತು. ಪಶ್ಚಿಮ ಬಂಗಾಳ, ಒಡಿಶಾ ಅದೇ ವರ್ಷ ಆ್ಯಪ್‌ಗಳಿಗೆ ಬಾಗಿಲು ತೆರೆದವು. ಕರ್ನಾಟಕ ತೆರೆಯಲಿಲ್ಲ. ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಮದ್ಯ ತಲುಪಿಸಲು ಹೊರಟ ಒಂದು ಕಂಪನಿಯ ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಈಗಿನ ಕಾಯ್ದೆ ಮತ್ತು ನಿಯಮಗಳಲ್ಲಿ ಆನ್‌ಲೈನ್ ಮಾರಾಟಕ್ಕೆ ಅವಕಾಶ ಇಲ್ಲ ಅಂತಲೇ ಆಯಿತು. 2024ರ ಜುಲೈಯಲ್ಲಿ ಕೆಲವು ರಾಜ್ಯಗಳು ಬಿಯರ್, ವೈನಿನಂಥ ಕಡಿಮೆ ಆಲ್ಕೋಹಾಲ್ ಪಾನೀಯಗಳನ್ನು ಮನೆಗೆ ಕಳಿಸಲು ಬಿಡುವ ಯೋಚನೆಯಲ್ಲಿವೆ ಅಂತ ಪತ್ರಿಕೆಗಳಲ್ಲಿ ಬಂದಾಗ ಕರ್ನಾಟಕದ ಹೆಸರೂ ಅದರಲ್ಲಿತ್ತು. ಆ ಸುದ್ದಿ ಓದಿ ಸುಮ್ನೆ ಆಸೆ ಇಟ್ಟುಕೊಂಡವರಲ್ಲಿ ನಾನೂ ಒಬ್ಬ.

ಕೊರಿಯರ್ ಕಂಪನಿಗಳ ನಿಷೇಧಿತ ವಸ್ತುಗಳ ಪಟ್ಟಿ ತೆಗೆದು ನೋಡಿ, ಮದ್ಯ ಇದ್ದೇ ಇರುತ್ತದೆ. ‘ಗಾಜಿನ ಸಾಮಾನು’ ಅಂತ ಬರೆದು ಕಳಿಸುವವರಿದ್ದಾರೆ. ಒಡೆದರೆ ದುಡ್ಡು ವಾಪಸ್ ಕೇಳುವ ಹಾಗಿಲ್ಲ. ಹಿಡಿದರೆ ಕಳಿಸಿದವರ ಹೆಸರು, ವಿಳಾಸ ಬಾಕ್ಸಿನ ಮೇಲೇ ಇರುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇಂಟರ್ನೆಟ್‌ನಲ್ಲಿ ‘ಹುಬ್ಬಳ್ಳಿ ವೈನ್ ಹೋಂ ಡೆಲಿವರಿ’ ಅಂತ ಹುಡುಕಿದರೆ ಮೊಬೈಲ್ ನಂಬರುಗಳು ಬರುತ್ತವೆ. ಊರಿನ ಯಾವುದೋ ನಿಜವಾದ ಅಂಗಡಿಯ ಹೆಸರು, ಫೋಟೊ ಹಾಕಿರುತ್ತಾರೆ. ಫೋನ್ ಮಾಡಿದರೆ ಚೆನ್ನಾಗಿಯೇ ಮಾತಾಡುತ್ತಾರೆ, ಮೊದಲು ಯುಪಿಐ ಮಾಡಿ ಅನ್ನುತ್ತಾರೆ. ಆಮೇಲೆ ಡೆಲಿವರಿ ಚಾರ್ಜ್, ಅದಾದ ಮೇಲೆ ಓಟಿಪಿ. ಬಾಟಲಿ ಬರುವುದೇ ಇಲ್ಲ. ಮೋಸ ಹೋದವರಲ್ಲಿ ಬಹಳ ಮಂದಿ ನಾಚಿಕೆಗೆ ದೂರನ್ನೇ ಕೊಡುವುದಿಲ್ಲ, ವಂಚಕರಿಗೆ ಬೇಕಾಗಿರುವುದೂ ಅದೇ. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಬೇರೆ ಬೇರೆ ಖಾತೆಗಳಿಗೆ ಹರಿದು ಹೋಗುತ್ತದೆ.

ಊರಿನ ಅಂಗಡಿ: ಬೇಸರದ ದಾರಿ, ಆದರೆ ನನ್ನ ಮೊದಲ ಆಯ್ಕೆ

ಇಲ್ಲಿ ಮೂರು ಬಗೆ. ಒಂದು ಸಿಎಲ್-2 ಲೈಸೆನ್ಸಿನ ಖಾಸಗಿ ಅಂಗಡಿ, ನಾವು ವೈನ್ ಶಾಪ್ ಅನ್ನುವುದು ಇದನ್ನೇ. ಎರಡನೆಯದು ಸರ್ಕಾರಿ ಎಂಎಸ್‌ಐಎಲ್ ಮಳಿಗೆ. ಮೂರನೆಯದು ಸಿಎಲ್-9 ಬಾರ್ ಆ್ಯಂಡ್ ರೆಸ್ಟೋರೆಂಟ್. ಮೊದಲ ಎರಡರಲ್ಲಿ ಬಾಟಲಿ ಮೇಲಿನ ಎಂಆರ್‌ಪಿ ಕೊಟ್ಟು ಮನೆಗೆ ಒಯ್ಯುತ್ತೀರಿ. ಬಾರಿನಲ್ಲಿ ಕೂತು ಕುಡಿಯುವುದಕ್ಕೆ ಬೇರೆ ದರ. ಮನೆಗೆ ಒಯ್ಯಲು ಬಾರಿಗೆ ಹೋಗುವ ಅಗತ್ಯವೇ ಇಲ್ಲ.

ಎಂಎಸ್‌ಐಎಲ್‌ನಲ್ಲಿ ಬೆಲೆಯ ಬಗ್ಗೆ ಕಿರಿಕಿರಿ ಇರುವುದಿಲ್ಲ, ಬಿಲ್ ಕೇಳಿದರೆ ಕೊಡುತ್ತಾರೆ. ಆದರೆ ವೈನ್ ಆಯ್ಕೆ ಕಡಿಮೆ. ರ‍್ಯಾಕಿನಲ್ಲಿ ವಿಸ್ಕಿ, ರಮ್ಮಿನದೇ ರಾಜ್ಯಭಾರ. ಹುಬ್ಬಳ್ಳಿಯ ವಿದ್ಯಾನಗರ, ಗೋಕುಲ ರೋಡ್ ಕಡೆಯ ದೊಡ್ಡ ಖಾಸಗಿ ಅಂಗಡಿಗಳಲ್ಲಿ ಒಳಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಆರಿಸಬಹುದು. ಗದಗ, ಹಾವೇರಿಯಲ್ಲಿ ಕೌಂಟರಿನ ಜಾಳಿಗೆಯ ಆಚೆಯಿಂದ ಹೆಸರು ಹೇಳಿ ತೆಗೆದುಕೊಳ್ಳುವ ಅಂಗಡಿಗಳೇ ಜಾಸ್ತಿ.

ಬಹಳ ಜನ ಬಳಸದ ಒಂದು ಸೌಲಭ್ಯ ಇಲ್ಲಿದೆ. ನಿಮಗೆ ಬೇಕಾದ ವೈನ್ ಅಂಗಡಿಯಲ್ಲಿ ಇಲ್ಲದಿದ್ದರೆ ‘ಇಂಡೆಂಟ್ ಹಾಕಿಸಿಕೊಡಿ’ ಅಂತ ಕೇಳಿ. ಅಂಗಡಿಯವರು ಕೆಎಸ್‌ಬಿಸಿಎಲ್ ಡಿಪೊಗೆ ಹೇಗೂ ಆರ್ಡರ್ ಹಾಕುತ್ತಲೇ ಇರುತ್ತಾರೆ. ಆ ಲೇಬಲ್ ಕರ್ನಾಟಕದಲ್ಲಿ ಅನುಮೋದನೆ ಪಡೆದಿದ್ದು, ಡಿಪೊದಲ್ಲಿ ಸ್ಟಾಕ್ ಇದ್ದರೆ ಅದರ ಜೊತೆಗೇ ತರಿಸಬಹುದು. ಒಂದು ಬಾಟಲಿಗೆ ಒಪ್ಪುವುದು ಕಷ್ಟ. ಇಬ್ಬರು ಮೂವರು ಗೆಳೆಯರು ಸೇರಿ ಒಂದು ಬಾಕ್ಸ್ ಅಂದರೆ ಒಪ್ಪುತ್ತಾರೆ. ಬಾಕ್ಸಿನಲ್ಲಿ 750 ಮಿಲಿಯ 12 ಬಾಟಲಿ, ಒಟ್ಟು 9 ಲೀಟರ್. ನಾಸಿಕ್‌ನ ಹೆಸರಾಂತ ಬ್ರ್ಯಾಂಡುಗಳ ಸಾಮಾನ್ಯ ಲೇಬಲ್‌ಗಳು ಈ ದಾರಿಯಲ್ಲೇ ಸಿಗುತ್ತವೆ. ಅಷ್ಟಕ್ಕಾಗಿ ಅಲ್ಲಿಂದ ಹೊತ್ತು ತರಬೇಕಾಗಿಲ್ಲ.

ಕೊಳ್ಳುವಾಗ ಬಾಟಲಿ ಎಲ್ಲಿತ್ತು ಅನ್ನುವುದನ್ನೂ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಬೀಳುವ ಶೋಕೇಸಿನಲ್ಲಿ ನಿಂತೇ ಇದ್ದ ವೈನ್ ರುಚಿ ಕೆಟ್ಟಿರುತ್ತದೆ. ಒಳಗಿನ ಬಾಕ್ಸಿನಿಂದ ತೆಗೆದುಕೊಡಿ ಅಂತ ಕೇಳಲು ಸಂಕೋಚ ಬೇಡ. ಇನ್ನೊಂದು ಮಾತು. ಗಾಂಧಿ ಜಯಂತಿಗೆ ಅಂಗಡಿ ಬಂದ್, ಚುನಾವಣೆಗೆ ಮತದಾನ ಮುಗಿಯುವವರೆಗಿನ 48 ಗಂಟೆ ಬಂದ್. ಇದು ಎಲ್ಲರಿಗೂ ಗೊತ್ತು. ನಮ್ಮ ಕಡೆ ಗಣೇಶ ವಿಸರ್ಜನೆ, ಹೋಳಿಯ ರಂಗಪಂಚಮಿಗೂ ಸ್ಥಳೀಯ ಆದೇಶದ ಮೇಲೆ ಬಾಗಿಲು ಹಾಕಿಸುತ್ತಾರೆ. ಮನೆಗೆ ನೆಂಟರನ್ನು ಕರೆಯುವ ಮುಂಚೆ ಪೇಪರ್ ನೋಡಿ.

ರಾಜ್ಯದೊಳಗಿನ ವೈನರಿಗೆ ಹೋಗಿ ತರುವುದು

ಖುಷಿ ಬೇಕು ಅನ್ನುವವರಿಗೆ ನನ್ನ ಶಿಫಾರಸು ಇದು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಅಂತ ವಲಯಗಳನ್ನು ಗುರುತಿಸಿತು, ವೈನ್‌ಗೆಂದೇ ಒಂದು ಮಂಡಳಿ ಮಾಡಿತು. ವೈನ್ ಮಾತ್ರ ಮಾರುವ ಬೊಟಿಕ್, ಕೂತು ಗ್ಲಾಸಿನಲ್ಲಿ ಕುಡಿಯುವ ಟಾವರ್ನ್ ಇವಕ್ಕೆಲ್ಲ ದಾರಿಯಾದದ್ದು ಆಗಲೇ. ವಿಸ್ಕಿಯ ಜೊತೆ ಒಂದೇ ನೊಗಕ್ಕೆ ಕಟ್ಟದೆ, ರೈತನ ಬೆಳೆಯ ಉತ್ಪನ್ನ ಅಂತ ವೈನನ್ನು ನೋಡಿದ ನೀತಿ ಅದು. ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲಿ ದ್ರಾಕ್ಷಿ ಬೆಳೆಯುವವರಿಗೆ ಒಣದ್ರಾಕ್ಷಿಯಲ್ಲದೆ ಇನ್ನೊಂದು ಮಾರುಕಟ್ಟೆ ಬೇಕಿತ್ತು. ಅಷ್ಟೆಲ್ಲ ಯೋಚಿಸಿದವರು ವೈನರಿಯಿಂದ ನೇರ ಗ್ರಾಹಕನ ಮನೆಗೆ ಅನ್ನುವ ಒಂದು ಹೆಜ್ಜೆ ಮಾತ್ರ ಇಡಲಿಲ್ಲ. ದೊಡ್ಡ ಕಂಪನಿಗಳಿಗೆ ಅದರಿಂದ ನಷ್ಟವಿಲ್ಲ, ಅವರ ಬಾಟಲಿ ಎಲ್ಲ ಅಂಗಡಿಗಳಲ್ಲೂ ಇರುತ್ತದೆ. ಪೆಟ್ಟು ಬಿದ್ದದ್ದು ಅಂಗಡಿಯ ರ‍್ಯಾಕಿನಲ್ಲಿ ಜಾಗವೇ ಸಿಗದ ಸಣ್ಣ ವೈನರಿಗೆ.

ಗದಗಿನಿಂದ ಕೊಪ್ಪಳದ ಕಡೆ ಹೊರಟರೆ ಹಂಪಿ ಹಿಲ್ಸ್ ಹೆಸರಿನಲ್ಲಿ ವೈನ್ ಮಾಡುವ ಕೃಷ್ಮಾ ಎಸ್ಟೇಟ್ ಇದೆ. ಬೆಂಗಳೂರಿನ ಕಡೆ ಹೋದವರಿಗೆ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಜಂಪಾ, ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಸುಲಾದವರ ಘಟಕ. ಹೋಗುವ ಮುಂಚೆ ಫೋನ್ ಮಾಡಿ. ಭೇಟಿ, ರುಚಿ ನೋಡುವುದು, ಬಾಟಲಿ ಮಾರಾಟ ಇವು ಮೂರೂ ಬೇರೆ ಬೇರೆ. ಎಲ್ಲ ವೈನರಿಗಳಿಗೂ ಮೂರೂ ಇರುವುದಿಲ್ಲ, ಎಲ್ಲ ದಿನವೂ ಇರುವುದಿಲ್ಲ.

ಬೇರೆ ದಾರಿಗಿಂತ ಇದು ಯಾಕೆ ನಿಶ್ಚಿಂತೆ ಅಂದರೆ ಬಾಟಲಿ ಕರ್ನಾಟಕದ ಸುಂಕ ಕಟ್ಟಿದೆ, ಮುಚ್ಚಳದ ಮೇಲೆ ಕರ್ನಾಟಕದ ಅಬಕಾರಿ ಲೇಬಲ್ ಇದೆ, ನೀವು ರಾಜ್ಯದ ಗಡಿ ದಾಟುವುದಿಲ್ಲ. ಒಬ್ಬ ವ್ಯಕ್ತಿ ಪರ್ಮಿಟ್ ಇಲ್ಲದೆ ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ವಿಸ್ಕಿಗೊಂದು, ಬಿಯರಿಗೊಂದು, ವೈನಿಗೊಂದು ಮಿತಿ ಇದೆ. ಬಿಲ್ ಮಾಡುವಾಗಲೇ ಕೇಳಿ, ಅದರೊಳಗೇ ಕೊಳ್ಳಿ. ಬಿಲ್ ಮನೆ ಮುಟ್ಟುವವರೆಗೆ ಕಿಸೆಯಲ್ಲಿರಲಿ. ಇಬ್ಬರು ಹೋಗಿದ್ದರೆ ಎರಡು ಬಿಲ್ ಮಾಡಿಸಿ. ವಯಸ್ಸು 21 ಆಗಿರಬೇಕು. ಮೇ ತಿಂಗಳಲ್ಲಾದರೆ ಬಾಟಲಿಗಳು ಡಿಕ್ಕಿಯಲ್ಲಿ ಬೇಡ. ದಾರಿಯಲ್ಲಿ ಲಕ್ಕುಂಡಿ ನೋಡಲು ಗಾಡಿ ನಿಲ್ಲಿಸಿ ಎರಡು ತಾಸು ಬಿಟ್ಟರೆ ಒಳಗೆ ವೈನ್ ಕಾಯುತ್ತದೆ, ಕಾರ್ಕ್ ಮೇಲೆ ಏಳುತ್ತದೆ. ಸೀಟಿನ ಕೆಳಗೆ, ಬಟ್ಟೆ ಸುತ್ತಿ, ಎಸಿ ಗಾಳಿ ತಾಗುವಲ್ಲಿ ಇಡಿ.

ಗೋವಾದಿಂದ, ನಾಸಿಕ್‌ನಿಂದ

ಹುಬ್ಬಳ್ಳಿಯವರಿಗೆ ಗೋವಾ ಅಂದರೆ ಶನಿವಾರ ಹೋಗಿ ರವಿವಾರ ಬರುವ ಊರು. ಅಲ್ಲಿ ಮದ್ಯದ ಬೆಲೆ ಕಡಿಮೆ, ಆಸೆ ಸಹಜ. ‘ಒಂದೆರಡು ಬಾಟಲಿಗೆ ಯಾರೂ ಏನೂ ಅನ್ನೋದಿಲ್ಲ’ ಅಂತ ಹೇಳುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ.

ಅನ್ನುತ್ತಾರೆ. ಅನಮೋಡದಲ್ಲಿ, ಕಾರವಾರದ ಹತ್ತಿರ ಮಾಜಾಳಿಯಲ್ಲಿ ಚೆಕ್‌ಪೋಸ್ಟ್ ಇರುವುದೇ ಅದಕ್ಕೆ. ಗೋವಾದ ಬಾಟಲಿ ಗೋವಾಕ್ಕೆ ಸುಂಕ ಕಟ್ಟಿದೆ, ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಅಂತ ಅದರ ಮೇಲೇ ಅಚ್ಚಾಗಿರುತ್ತದೆ. ಅನುಮತಿ ಇಲ್ಲದೆ ಅದನ್ನು ಕರ್ನಾಟಕದೊಳಗೆ ತರುವುದು ನಮ್ಮ ಅಬಕಾರಿ ಕಾಯ್ದೆಯಡಿ ಅಪರಾಧ. ಬಾಟಲಿಯ ಜೊತೆಗೆ ಗಾಡಿಯನ್ನೂ ಜಪ್ತಿ ಮಾಡುವ ಅಧಿಕಾರ ಅವರಿಗಿದೆ. ರೈಲಿನಲ್ಲಿ ಬಂದರೆ ಪಾರು ಅಂತಲೂ ಇಲ್ಲ, ಗೋವಾ ಮದ್ಯ ಜಪ್ತಿಯಾದ ಸುದ್ದಿ ಹುಬ್ಬಳ್ಳಿ ನಿಲ್ದಾಣದ ಹೆಸರಿನೊಂದಿಗೂ ಬರುತ್ತಿರುತ್ತದೆ. ಗೋವಾದ ಅಂಗಡಿಯವರು ‘ಪರ್ಮಿಟ್ ಮಾಡಿಸಿಕೊಡ್ತೀವಿ’ ಅಂದರೆ ಒಂದು ವಿಷಯ ನೆನಪಿಡಿ. ಅವರು ಮಾಡಿಸಿಕೊಡುವುದು ಗೋವಾ ಬಿಟ್ಟು ಹೊರಡಲು. ಒಳಗೆ ಬಿಡುವುದು ಕರ್ನಾಟಕದ ಕೆಲಸ.

ನಾಸಿಕ್ ಇನ್ನೂ ಸಿಕ್ಕಿನದು. ಮಹಾರಾಷ್ಟ್ರದಲ್ಲಿ 1949ರ ಬಾಂಬೆ ಪಾನನಿಷೇಧ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಮದ್ಯ ಕೊಳ್ಳಲು, ಇಟ್ಟುಕೊಳ್ಳಲು, ಕುಡಿಯಲು ಗ್ರಾಹಕನಿಗೇ ಪರ್ಮಿಟ್ ಬೇಕು. ಒಂದು ದಿನದ್ದು, ಒಂದು ವರ್ಷದ್ದು, ಜೀವಮಾನದ್ದು ಅಂತ ಸಿಗುತ್ತದೆ. ವೈನ್‌ಗೆ ಅಲ್ಲೂ 21 ವರ್ಷ, ವಿಸ್ಕಿ-ಬ್ರಾಂದಿಗೆ 25. ಪರ್ಮಿಟ್ ಮಾಡಿಸಿ ಕೊಂಡರೂ ಅದು ಮಹಾರಾಷ್ಟ್ರದ ಗಡಿಯವರೆಗೆ ಮಾತ್ರ. ಕೊಗನೊಳ್ಳಿ ದಾಟಿದ ಮೇಲೆ ಮತ್ತೆ ಗೋವಾದ ಕಥೆಯೇ. 2022ರಲ್ಲಿ ಅಲ್ಲಿನ ಸಂಪುಟ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಒಪ್ಪಿದಾಗ ದೊಡ್ಡ ಗಲಾಟೆಯೇ ಆಗಿತ್ತು. ದ್ರಾಕ್ಷಿ ರೈತರ ಹೆಸರು ಹೇಳಿದರೂ ಈ ವಿಷಯ ಸುಲಭದ್ದಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ನನ್ನ ಸಲಹೆ ಇಷ್ಟು. ನಾಸಿಕ್‌ಗೆ ಹೋದರೆ ಅಲ್ಲಿ ಕುಡಿಯಿರಿ, ಹೆಸರು ಬರೆದುಕೊಳ್ಳಿ, ಹುಬ್ಬಳ್ಳಿಗೆ ಬಂದು ಇಂಡೆಂಟ್ ಹಾಕಿಸಿ. ವೈನರಿಯಲ್ಲಿ ಮಾತ್ರ ಸಿಗುವ ವಿಶೇಷ ಬಾಟಲಿಯಾಗಿದ್ದರೆ ಅದನ್ನು ಅಲ್ಲೇ ಊಟದ ಜೊತೆ ಮುಗಿಸಿ.

ವಿಮಾನದಲ್ಲಿ ತರುವವರು ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಶೇ 24ರಿಂದ 70ರವರೆಗೆ ಆಲ್ಕೋಹಾಲ್ ಇರುವ ಮದ್ಯ ಚೆಕ್-ಇನ್ ಬ್ಯಾಗಿನಲ್ಲಿ 5 ಲೀಟರ್‌ವರೆಗೆ ಇರಬಹುದು, ಅದಕ್ಕಿಂತ ಕಡಿಮೆ ಇರುವ ವೈನಿನಂಥದ್ದಕ್ಕೆ ಆ ಮಿತಿಯೂ ಇಲ್ಲ ಅಂತ ವಿಮಾನದ ನಿಯಮ ಹೇಳುತ್ತದೆ. ಅದು ಬೆಂಕಿಯ ಅಪಾಯಕ್ಕೆ ಮಾಡಿದ ನಿಯಮ. ಅಬಕಾರಿಗೂ ಅದಕ್ಕೂ ಸಂಬಂಧ ಇಲ್ಲ.

ಕ್ಯಾಂಟೀನ್ ಬಾಟಲಿ, ಡ್ಯೂಟಿ ಫ್ರೀ ಬಾಟಲಿ

ಧಾರವಾಡ, ಹಾವೇರಿ ಕಡೆ ನಿವೃತ್ತ ಸೈನಿಕರ ಮನೆಗಳು ಬೇಕಾದಷ್ಟಿವೆ. ಮಿಲಿಟರಿ ಕ್ಯಾಂಟೀನಿನ ಬಾಟಲಿ ಕಡಿಮೆಗೆ ಸಿಗುತ್ತದೆ ಅಂತ ಅವರನ್ನು ಪೀಡಿಸುವುದು ಬೇಡ. ಅದು ಅವರಿಗಾಗಿ ಇರುವುದು, ಮಾರಿದರೆ ಅವರ ಕಾರ್ಡಿಗೇ ಕುತ್ತು.

ವಿದೇಶದಿಂದ ಬರುವ ನೆಂಟರ ಬಳಿ ಹೇಳಿ ತರಿಸುವುದು ಮಾತ್ರ ಒಳ್ಳೆಯ ದಾರಿ. ಒಬ್ಬ ಪ್ರಯಾಣಿಕ 2 ಲೀಟರ್ ಮದ್ಯ ಅಥವಾ ವೈನನ್ನು ಸುಂಕವಿಲ್ಲದೆ ತರಬಹುದು, ಅಂದರೆ 750 ಮಿಲಿಯ ಎರಡು ಬಾಟಲಿ ಆರಾಮಾಗಿ. ವಿದೇಶಿ ವೈನ್ ಮೇಲೆ ನಮ್ಮಲ್ಲಿ ಶೇ 150 ಆಮದು ಸುಂಕ ಇದ್ದದ್ದು ಎಲ್ಲರ ಬಾಯಲ್ಲಿದೆ. 2022ರ ಡಿಸೆಂಬರ್‌ನಲ್ಲಿ ಜಾರಿಯಾದ ಒಪ್ಪಂದದ ಮೇಲೆ ಆಸ್ಟ್ರೇಲಿಯಾದ ವೈನಿಗೆ ಮೊದಲ ಹಂತದಲ್ಲಿ ಬಾಟಲಿಯ ಬೆಲೆ ನೋಡಿ ಶೇ 100, ಶೇ 75 ಅಂತ ಇಳಿಸಿದರು. ಅಂಗಡಿಯಲ್ಲಿ ವಿದೇಶಿ ವೈನ್ ಆರಿಸುವಾಗ ಇದು ಗಮನದಲ್ಲಿರಲಿ. ಆದರೆ ವಿದೇಶದ ವೆಬ್‌ಸೈಟಿನಿಂದ ಪಾರ್ಸೆಲ್ ತರಿಸುವ ಸಾಹಸ ಬೇಡ. ಕಸ್ಟಮ್ಸ್ ಒಂದು ಕಡೆ, ರಾಜ್ಯದ ಅಬಕಾರಿ ಇನ್ನೊಂದು ಕಡೆ. ನಡುವೆ ಬಾಟಲಿ ಗೋದಾಮಿನಲ್ಲಿ ಕೂರುತ್ತದೆ.

ಅಮೆರಿಕದಲ್ಲಿರುವ ಮಗಳಿಗೆ ಕಳಿಸಬೇಕು ಅಂದರೆ

ಈಗ ಉಲ್ಟಾ ಲೆಕ್ಕ. ಮಗಳು-ಅಳಿಯ ಅಲ್ಲಿ ಹೊಸ ಮನೆಗೆ ಹೋಗಿದ್ದಾರೆ, ಇಲ್ಲಿಂದ ಒಂದು ಒಳ್ಳೆಯ ವೈನ್ ಕಳಿಸೋಣ ಅನ್ನಿಸಿದೆ. ಇಲ್ಲಿಂದ ಪಾರ್ಸೆಲ್ ಆಗುವುದಿಲ್ಲ, ಅಲ್ಲಿನ ಸರ್ಕಾರಿ ಅಂಚೆ ಮದ್ಯವನ್ನು ಮುಟ್ಟುವುದೇ ಇಲ್ಲ. ಆದರೆ ಅಲ್ಲಿನ ವೈನರಿಯಿಂದಲೇ ಅವರ ಮನೆಗೆ ಕಳಿಸಬಹುದು. ನಮಗಿಲ್ಲಿ ಇಲ್ಲದ ಸೌಲಭ್ಯ ಅಲ್ಲಿ ಹೇಗೆ ಬಂತು ಅನ್ನುವುದು ಸ್ವಾರಸ್ಯದ ಕಥೆ.

ಅಲ್ಲೂ ಮದ್ಯ ರಾಜ್ಯಗಳ ವಿಷಯವೇ. 1933ರಲ್ಲಿ 21ನೇ ತಿದ್ದುಪಡಿ ಪಾನನಿಷೇಧ ತೆಗೆದಾಗ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. ತಯಾರಕ, ಸಗಟು ವ್ಯಾಪಾರಿ, ಅಂಗಡಿ ಅಂತ ಮೂರು ಮೆಟ್ಟಿಲಿನ ವ್ಯವಸ್ಥೆ ಬೆಳೆಯಿತು. ನಮ್ಮ ಕೆಎಸ್‌ಬಿಸಿಎಲ್ ಸಾಲಿಗೂ ಅದಕ್ಕೂ ಬಹಳ ವ್ಯತ್ಯಾಸ ಇಲ್ಲ, ನಡುವಿನ ಮೆಟ್ಟಿಲು ಅಲ್ಲಿ ಬಹುಪಾಲು ಖಾಸಗಿಯವರದು ಅಷ್ಟೇ. ಮಿಷಿಗನ್, ನ್ಯೂಯಾರ್ಕ್ ರಾಜ್ಯಗಳು ತಮ್ಮ ವೈನರಿಗಳಿಗೆ ಮನೆಗೆ ಕಳಿಸಲು ಬಿಟ್ಟು ಹೊರಗಿನವರನ್ನು ತಡೆಯುತ್ತಿದ್ದವು. 2005ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ರಾನ್‌ಹೋಮ್ ಪ್ರಕರಣದಲ್ಲಿ 5-4ರ ಬಹುಮತದಿಂದ ಅದು ತಾರತಮ್ಯ ಅಂತ ತೀರ್ಪು ಕೊಟ್ಟಿತು. ಬಿಡುವುದಾದರೆ ಇಬ್ಬರಿಗೂ ಬಿಡಿ, ತಡೆಯುವುದಾದರೆ ಇಬ್ಬರನ್ನೂ ತಡೆಯಿರಿ ಅನ್ನುವುದು ಅದರ ತಿರುಳು. ಆಮೇಲೆ ರಾಜ್ಯದ ಮೇಲೆ ರಾಜ್ಯ ಬಾಗಿಲು ತೆರೆಯಿತು. ಯೂಟಾದಂಥ ರಾಜ್ಯದಲ್ಲಿ ಈಗಲೂ ಮನೆಗೆ ತರಿಸುವ ಹಾಗಿಲ್ಲ.

ಆರ್ಡರ್ ಮಾಡುವವರಿಗೆ ಇದರಿಂದ ಏನು? ಮೊದಲನೆಯದು, ಅಂಗಡಿಯ ವೆಬ್‌ಸೈಟಿಗಿಂತ ವೈನರಿಯ ವೆಬ್‌ಸೈಟೇ ಮೇಲು. ಆ ತೀರ್ಪು ತಯಾರಕರ ಬಗ್ಗೆ ಬಂದದ್ದು. ಬೇರೆ ರಾಜ್ಯದ ಅಂಗಡಿಯಿಂದ ಕಳಿಸಲು ಬಿಡುವ ರಾಜ್ಯಗಳು ಕೆಲವೇ. ಕ್ಯಾಲಿಫೋರ್ನಿಯಾದ ವೈನರಿಯಿಂದ ಟೆಕ್ಸಾಸ್‌ಗೆ ಹೋಗುವ ಬಾಟಲಿ, ಕ್ಯಾಲಿಫೋರ್ನಿಯಾದ ಅಂಗಡಿಯಿಂದ ಹೋಗುವುದಿಲ್ಲ. ಎರಡನೆಯದು, ವಿಳಾಸ ಹಾಕುವಾಗ ಪಿನ್‌ಕೋಡ್ ಸರಿಯಾಗಿರಲಿ. ವೈನರಿಗೆ ಆ ರಾಜ್ಯದ ಪರವಾನಗಿ ಇಲ್ಲದಿದ್ದರೆ ವೆಬ್‌ಸೈಟ್ ಅಲ್ಲೇ ನಿಲ್ಲಿಸುತ್ತದೆ, ನಿಲ್ಲಿಸಿದರೆ ಬೇರೆ ವೈನರಿ ನೋಡಿ. ಮೂರನೆಯದು, ಬಾಗಿಲಲ್ಲಿ 21 ದಾಟಿದವರು ಗುರುತಿನ ಚೀಟಿ ತೋರಿಸಿ ಸಹಿ ಮಾಡಬೇಕು. ಹಾಗಾಗಿ ಅಚ್ಚರಿಯ ಉಡುಗೊರೆ ಅಂತ ಗುಟ್ಟಾಗಿಟ್ಟರೆ ಕೆಲಸ ಕೆಡುತ್ತದೆ. ಇಬ್ಬರೂ ಆಫೀಸಿಗೆ ಹೋಗಿರುತ್ತಾರೆ, ಬಾಕ್ಸ್ ವಾಪಸ್ ಹೋಗುತ್ತದೆ. ಮಗಳ ಆಫೀಸಿನ ವಿಳಾಸ ಕೊಟ್ಟರೆ ಸರಾಗ. ಜುಲೈ, ಆಗಸ್ಟ್‌ನ ಸೆಕೆಯಲ್ಲಿ ಕೆಲವು ವೈನರಿಗಳು ಕಳಿಸುವುದನ್ನೇ ತಡೆಹಿಡಿಯುತ್ತವೆ, ದಿನಾಂಕ ಕೇಳಿಕೊಳ್ಳಿ. ನಿಮ್ಮ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಇರಬೇಕು. ಸಾಗಣೆ ಖರ್ಚು ಸೇರಿದರೆ ಒಂದು ಬಾಟಲಿಗಿಂತ ಮೂರು ಕಳಿಸುವುದೇ ಲಾಭ.

ಕರ್ನಾಟಕದ ವೈನೇ ಆಗಬೇಕು ಅನ್ನುವ ಹಟ ಇದ್ದರೆ ಅಮೆರಿಕಕ್ಕೆ ಹೊರಟವರ ಚೆಕ್-ಇನ್ ಬ್ಯಾಗಿನಲ್ಲಿ ಒಂದು ಬಾಟಲಿ ಕಳಿಸಿ. 21 ದಾಟಿದ ಪ್ರಯಾಣಿಕರು ಸಾಮಾನ್ಯವಾಗಿ 1 ಲೀಟರ್‌ವರೆಗೆ ಸುಂಕವಿಲ್ಲದೆ ಒಯ್ಯಬಹುದು. ಫಾರಂನಲ್ಲಿ ಬರೆಯಲು ಮರೆಯಬಾರದು. ಜೋಳದ ರೊಟ್ಟಿಯ ಗಂಟಿನ ನಡುವೆ ಇಟ್ಟರೆ ಒಡೆಯುವ ಭಯ ಕಡಿಮೆ. ರೊಟ್ಟಿ ಪುಡಿಯಾದರೆ ಮಾತ್ರ ಬೈಗುಳ ನಿಮಗೇ.

ಇಂಗ್ಲೆಂಡಿನಲ್ಲಿರುವವರಿಗೆ ಇಷ್ಟೆಲ್ಲ ತಲೆನೋವಿಲ್ಲ, ಅಲ್ಲಿನ ಸೂಪರ್‌ಮಾರ್ಕೆಟ್‌ಗಳೇ ದಿನಸಿಯ ಜೊತೆ ವೈನನ್ನೂ ಮನೆಗೆ ತಂದುಕೊಡುತ್ತವೆ, ವಯಸ್ಸು 18 ಆಗಿದ್ದರೆ ಸಾಕು. ಸೌದಿ, ಕುವೈತ್, ಶಾರ್ಜಾದಲ್ಲಿರುವವರಿಗೆ ಪೇಢಾ ಕಳಿಸಿ. ಅಹಮದಾಬಾದಿನ ವ್ಯಾಪಾರಿ ಗೆಳೆಯರಿಗೂ, ಪಾಟ್ನಾದಲ್ಲಿ ಕೆಲಸಕ್ಕಿರುವ ತಮ್ಮನಿಗೂ ಪೇಢಾನೇ. ಗುಜರಾತಿನಲ್ಲಿ 1960ರಿಂದ, ಬಿಹಾರದಲ್ಲಿ 2016ರಿಂದ ಪಾನನಿಷೇಧ ಇದೆ.

ಕೊನೆಗೆ ಮನೆಯ ಕಾರ್ಯಕ್ರಮಕ್ಕೆ ಬಾಕ್ಸ್‌ಗಟ್ಟಲೆ ಬೇಕಾದವರಿಗೆ. ತೋಟದ ಮನೆಯಲ್ಲೋ ಹಾಲ್‌ನಲ್ಲೋ ವೈನ್ ಕೊಡುವುದಿದ್ದರೆ ಆ ಸಂದರ್ಭಕ್ಕೆ ಸಿಎಲ್-5 ಲೈಸೆನ್ಸ್ ಸಿಗುತ್ತದೆ. ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ, ಕಾರ್ಯಕ್ರಮಕ್ಕೆ ವಾರ ಮುಂಚೆಯೇ ಅರ್ಜಿ ಕೊಡಿ. ಹಾಲ್ ಬುಕ್ ಮಾಡುವಾಗ ಅಲ್ಲಿ ಮದ್ಯಕ್ಕೆ ಒಪ್ಪಿಗೆ ಇದೆಯೇ ಅಂತಲೂ ಕೇಳಿ. ಎಷ್ಟೋ ಕಲ್ಯಾಣ ಮಂಟಪಗಳು ಲೈಸೆನ್ಸ್ ತೋರಿಸಿದರೂ ಒಳಗೆ ಬಿಡುವುದಿಲ್ಲ.